ಲಾಂಛನದ ಋಣ

ಮೈಮೇಲಿನ ಲಾಂಛನವು ಯಾರಿಗಾಗಿ ಇರುವುದು? ಧರಿಸಿದವನ ಗೌರವಕ್ಕಾಗಿಯೋ, ಅದನ್ನು ಕಂಡವರ ಭರವಸೆಗಾಗಿಯೋ? ವಿಭೂತಿ, ರುದ್ರಾಕ್ಷಿ, ಇಷ್ಟಲಿಂಗಗಳನ್ನು ಧರಿಸುವ ನಾವು ಈ ಪ್ರಶ್ನೆಯನ್ನು ಆಗಾಗ್ಗೆ ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯಾದ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಆ ಮಹನೀಯರು, 1965ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿದ್ದಾಗಲೇ ನಿಧನರಾದರು. ಇಂತಹ ಸಂಗ್ರಹಾಲಯಗಳಲ್ಲಿ ಸಮವಸ್ತ್ರಗಳನ್ನೂ ಪದಕಗಳನ್ನೂ ಕಾಣುವೆವು. ಹೆಗಲ ಮೇಲಿದ್ದಾಗ ಸಾವಿರಾರು ಜನರನ್ನು ನಡೆಯಿಸಿದ ಬಿಲ್ಲೆಯು ಗಾಜಿನ ಹಿಂದೆ ಬರಿಯ ಲೋಹ. ಹೊತ್ತವರ ಬಾಳಿನಿಂದಲೇ ಅದಕ್ಕೆ ಬೆಲೆ. ಹಾಗಾದರೆ ನಡತೆಯೊಂದಿದ್ದರೆ ಸಾಲದೆ, ಲಾಂಛನವೇತಕ್ಕೆ ಎಂದು ಕೆಲವರು ಕೇಳಬಹುದು.

ಇದಕ್ಕೆ ರಣರಂಗದ ಮತ್ತೊಂದು ಲಾಂಛನವೇ ಉತ್ತರ ಹೇಳುತ್ತದೆ. ಗಾಯಾಳುಗಳ ಶುಶ್ರೂಷೆಯನ್ನೇ ಕಾಯಕವಾಗಿ ಉಳ್ಳ ಸೇನಾವೈದ್ಯರೂ ದಾದಿಯರೂ ಎಡತೋಳಿಗೆ ರೆಡ್ ಕ್ರಾಸ್ ಚಿಹ್ನೆಯ ಪಟ್ಟಿಯನ್ನು ಕಟ್ಟಬೇಕೆಂದು 1949ರ ಜಿನೀವಾ ಒಪ್ಪಂದವು ವಿಧಿಸಿದೆ. ಆ ಪಟ್ಟಿಯ ಮೇಲೆ ಸೇನಾಧಿಕಾರಿಗಳ ಮುದ್ರೆಯೂ ಇರಬೇಕು. ಶುಶ್ರೂಷೆಯಲ್ಲಿ ತೊಡಗಿರುವ ಇವರನ್ನು ಶತ್ರುವೂ ಹೊಡೆಯಲಾಗದು. ರಕ್ತ ಸುರಿಯುತ್ತ ಬಿದ್ದವನಿಗೆ, ಹತ್ತಿರ ಬರುವವನ ಅಂತರಂಗವನ್ನು ಪರೀಕ್ಷಿಸಲು ವೇಳೆಯೆಲ್ಲಿದೆ? ತೋಳಿನ ಪಟ್ಟಿಯನ್ನು ಕಂಡು ಅವನು ನಂಬುತ್ತಾನೆ. ಕಪಟಿಯೊಬ್ಬನು ಅದೇ ಪಟ್ಟಿಯನ್ನು ಕಟ್ಟಿ ಕೊಲೆಗೈದರೆ, ಕೊಂದದ್ದು ಒಬ್ಬನನ್ನು ಮಾತ್ರವಲ್ಲ. ಮರುದಿನ ನಿಜವಾದ ವೈದ್ಯನ ಮೇಲೂ ಗುಂಡು ಹಾರೀತು. ಗಾಯಾಳುವು ಆರೈಕೆಯಿಲ್ಲದೆ ಸತ್ತಾನು. ಆದುದರಿಂದಲೇ ಇಂತಹ ವಂಚನೆಯನ್ನು ಯುದ್ಧದ ಕಾನೂನು ಘೋರ ಅಪರಾಧವೆಂದು ಎಣಿಸುತ್ತದೆ.

ಲಾಂಛನಕ್ಕೆ ದೊರೆಯುವ ನಂಬಿಕೆಯು ನಮ್ಮ ಸ್ವಂತ ಗಳಿಕೆಯಲ್ಲ. ನಮಗಿಂತ ಮೊದಲು ಅದನ್ನು ಪ್ರಾಮಾಣಿಕವಾಗಿ ಹೊತ್ತವರು ಕೂಡಿಟ್ಟ ಧನ ಅದು. ನಾವು ಅದರ ಒಡೆಯರಲ್ಲ, ಋಣಿಗಳು. ಬಸವಣ್ಣನವರು ಶಿವಲಾಂಛನವನ್ನು ಕಂಡು ಕೈಮುಗಿದರು. ಆದರೆ ನುಡಿಯೊಂದು ನಡೆಯೊಂದಾಗಿರುವುದನ್ನು ಎಂದಿಗೂ ಮನ್ನಿಸಲಿಲ್ಲ. ಸೈನಿಕನ ಬಿಲ್ಲೆಯು ಮೇಲುಕೀಳುಗಳನ್ನು ತಿಳಿಸಬಹುದು. ಇಷ್ಟಲಿಂಗಕ್ಕೆ ಅಂತಹ ಅಂತಸ್ತಿಲ್ಲ; ಅರಸನಿಗೂ ಅಗಸನಿಗೂ ಅದು ಒಂದೇ. ಸೈನಿಕನು ನಿವೃತ್ತನಾದ ಮೇಲೆ ಸಮವಸ್ತ್ರವನ್ನು ಕಳಚಿಡುತ್ತಾನೆ. ಲಿಂಗಧಾರಿಗೆ ನಿವೃತ್ತಿಯೂ ಇಲ್ಲ.

ಸೋಂಪುರ ಹೋಬಳಿಯ ಶಿವಗಂಗೆಯ ಬೆಟ್ಟವನ್ನು ಹತ್ತುವಾಗ ಭಕ್ತರ ಹಣೆಯಲ್ಲಿ ವಿಭೂತಿಯು ಶೋಭಿಸುತ್ತದೆ. ಬೆಟ್ಟವನ್ನಿಳಿದ ಮೇಲೆ ಆ ಹಣೆಯೇ ಅಂಗಡಿಯ ತಕ್ಕಡಿಯ ಹಿಂದೆ, ಕಚೇರಿಯ ಮೇಜಿನ ಹಿಂದೆ, ಕೂಲಿ ಬಟವಾಡೆಯ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಎದುರು ನಿಂತ ಬಡವನು ವಿಭೂತಿಯನ್ನು ನೋಡಿ, ಇವರು ಮೋಸ ಮಾಡಲಾರರೆಂದು ನಂಬಿ ತೂಕವನ್ನು ನೋಡದೆ ಹೋಗುತ್ತಾನೆ. ಅವನಿಗೆ ಒಂದು ಹಿಡಿ ಕಡಿಮೆ ತೂಗಿದರೆ, ಶರಣರ ಹೆಸರಿನಲ್ಲಿಯೇ ಅವನನ್ನು ಸುಲಿದಂತಾಗುತ್ತದೆ.

ಪ್ರಾತಃಕಾಲದಲ್ಲಿ ವಿಭೂತಿಯನ್ನು ಧರಿಸುವಾಗ, ಇಂದು ಇದನ್ನು ನಂಬಿ ಯಾರು ನನ್ನ ಬಳಿಗೆ ಬರುವರೋ ಅವರಿಗೆ ನನ್ನಿಂದ ಕೇಡಾಗದಿರಲಿ ಎಂದು ಪ್ರತಿಯೊಬ್ಬ ಗೃಹಸ್ಥನೂ ಸಂಕಲ್ಪಿಸಲಿ.