ತೀರಿಹೋದ ಮಗುವಿಗೂ ವಯಸ್ಸಾಗುತ್ತದೆ

2024ರ ಬೇಸಗೆಯಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಪತ್ರಿಕೆಯಲ್ಲಿ ವರ ಬೇಕೆಂದು ಜಾಹೀರಾತು ಕೊಟ್ಟಿತು. ಹುಡುಗಿ ತೀರಿಹೋಗಿ 30 ವರ್ಷ. ವರನೂ 30 ವರ್ಷದ ಹಿಂದೆಯೇ ತೀರಿಹೋದವನಾಗಿರಬೇಕು. ಹೊರಗಿನವರಿಗೆ ಅದೊಂದು ತಮಾಷೆ; ಒಂದೆರಡು ದಿನ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಪೇಪರಿಗೆ ಕೊಟ್ಟರಲ್ಲ ಎಂಬುದಷ್ಟೇ ಹೊಸತು.

ತುಳುನಾಡಿನ ಲೆಕ್ಕದಲ್ಲಿ ಹಸುಗೂಸಾಗಿ ಹೋದ ಮಗು ಹಸುಗೂಸಾಗಿಯೇ ಉಳಿಯುವುದಿಲ್ಲ. ಕಾಣದ ಕಡೆ ಅದು ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ, ಮದುವೆಗೆ ನಿಲ್ಲುತ್ತದೆ. ಆಗ ಮನೆಯವರು ಅದೇ ಜಾತಿಯ, ಹೊಂದುವ ‘ಬರಿ’ಯ, ಎಂದರೆ ವಂಶದ, ಇನ್ನೊಂದು ಮನೆಯನ್ನು ಹುಡುಕಿ, ಹೆಚ್ಚಾಗಿ ಆಟಿ ತಿಂಗಳಲ್ಲಿ, ಪ್ರೇತ ಮದುವೆ ಮಾಡಿಸುತ್ತಾರೆ. ಎರಡು ಕುರ್ಚಿ, ಧಾರೆ ಸೀರೆ, ದಿಬ್ಬಣ, ಕೊನೆಗೆ ಮೀನು-ಕೋಳಿಯ ಊಟ. 2022ರ ಜುಲೈಯಲ್ಲಿ ಇಂಥದೊಂದು ಮದುವೆಯನ್ನು ಕಂಡವರೊಬ್ಬರು ಅಂತರ್ಜಾಲದಲ್ಲಿ ವಿವರವಾಗಿ ಬರೆದಿದ್ದರು. ಹಿಂದೊಮ್ಮೆ ಹುಡುಗನ ಕಡೆಯವರು ಬಂದ ಸಂಬಂಧವನ್ನು ಬೇಡವೆಂದರಂತೆ. ಕಾರಣ, ಹುಡುಗಿ ಹುಡುಗನಿಗಿಂತ ಕೆಲವು ವರ್ಷ ದೊಡ್ಡವಳು.

ಓದಿದ ಕೂಡಲೇ ನಗು ಬರುತ್ತದೆ. ಆದರೆ ದೊಡ್ಡವಳು ಎಂದು ಗೊತ್ತಾಗಬೇಕಾದರೆ ಯಾರೋ ಲೆಕ್ಕ ಇಟ್ಟಿರಬೇಕಲ್ಲ? ಎರಡು ಮನೆಗಳಲ್ಲಿ, ಇಬ್ಬರು ತಾಯಂದಿರು, ಯಾರಿಗೂ ಹೇಳದೆ, ವರ್ಷ ವರ್ಷವೂ ಒಂದೊಂದು ಕೂಡಿಸುತ್ತ ಬಂದಿದ್ದಾರೆ.

ಇದನ್ನು ಬಣ್ಣ ಹಚ್ಚಿ ಹೇಳುವ ಉದ್ದೇಶ ನನಗಿಲ್ಲ. ಬಹಳ ಮನೆಗಳಲ್ಲಿ ಈ ಮದುವೆಯ ಹಿಂದೆ ಇರುವುದು ಭಯ. ಬದುಕಿರುವ ಮಗಳಿಗೆ ಸಂಬಂಧ ಕೂಡಿ ಬರುತ್ತಿಲ್ಲ, ಪ್ರಶ್ನೆ ಇಟ್ಟರು, ಜೋಯಿಸರು ಕವಡೆ ಸರಿಸಿ ‘ಒಂದು ಮಗು ಹೋದದ್ದುಂಟಲ್ಲ, ಅದರ ದೋಷ’ ಎಂದರು. ಸಾಲ ಮಾಡಿ ಪರಿಹಾರ ಮಾಡಿಸಿದವರೂ ಇದ್ದಾರೆ. ಆ ದೋಷದ ಮಾತನ್ನು ನಾನು ಒಪ್ಪುವವನಲ್ಲ. ಆದರೆ ಹೋಲಿಸಿ ನೋಡಿ: ಧರ್ಮಶಾಸ್ತ್ರದ ಕ್ರಮದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ದಹನವಿಲ್ಲ, ಮಣ್ಣು ಮಾಡುತ್ತಾರೆ, ಶ್ರಾದ್ಧವೂ ಇಲ್ಲ. ಪಂಚಾಂಗದಲ್ಲಿ ಅದಕ್ಕೊಂದು ತಿಥಿ ಇಲ್ಲ. ತುಳುವರ ಮನೆಗಳು ಶಾಸ್ತ್ರ ಬಿಟ್ಟ ಜಾಗದಲ್ಲಿ ಒಂದು ಎಲೆ ಹಾಕಿವೆ.

ಎಲೆ ಎಂದದ್ದು ನಿಜವಾದ ಬಾಳೆ ಎಲೆಯನ್ನೇ. ಆಟಿಯಲ್ಲಿ ಮತ್ತು ದೀಪಾವಳಿಯ ಪರ್ಬದಲ್ಲಿ ಸತ್ತವರಿಗೆ ಬಡಿಸುವ ಕ್ರಮ ಇಲ್ಲಿ ಹಲವು ಮನೆಗಳಲ್ಲಿದೆ. ಮಡಂತ್ಯಾರು ಪೇಟೆಯಿಂದ ಸ್ವಲ್ಪ ಒಳಗೆ, ರಬ್ಬರ್ ತೋಟದ ನಡುವಿನ ಒಂದು ಮನೆಯಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಒಳಕೋಣೆಯಲ್ಲಿ ಸಾಲಾಗಿ ಎಲೆಗಳು. ಹಿರಿಯರ ಎಲೆಯ ಬದಿಯಲ್ಲಿ ಬೀಡಿ ಕಟ್ಟು, ಒಂದು ಗ್ಲಾಸು ಕಳ್ಳು. ಅವರ ಹೆಂಡತಿಯ ಎಲೆಗೆ ವೀಳ್ಯ, ಅಡಿಕೆ, ಹೊಗೆಸೊಪ್ಪು. ಕೊನೆಯಲ್ಲಿ ಅಂಗೈ ಅಗಲದ ಒಂದು ಕುಡಿಬಾಳೆ. ಅದು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದ ಹುಡುಗನದು.

ಬಡಿಸುತ್ತಿದ್ದ ದೊಡ್ಡಮ್ಮ ಮೊದಮೊದಲು ಆ ಎಲೆಗೆ ಕಿವುಚಿದ ಬಾಳೆಹಣ್ಣು, ಹಾಲು ಮಾತ್ರ ಇಡುತ್ತಿದ್ದರಂತೆ. ಈಗ ಉದ್ದಿನ ದೋಸೆ, ಮೇಲೆ ಕೋಳಿ ಸಾರು.

“ಖಾರ ಆಗುದಿಲ್ವಾ ದೊಡ್ಡಮ್ಮ?” ಎಂದೆ.

“ಎಂತ ಖಾರ ಮಾರಾಯ್ರೆ, ಅವ ಇದ್ದಿದ್ರೆ ಈಗ ಅವನ ಮಕ್ಕಳು ಶಾಲೆಗೆ ಹೋಗ್ತಿದ್ರು” ಎಂದವರು ಇನ್ನೊಂದು ಸೌಟು ಸಾರು ಹಾಕಿದರು.

ಮಗಳ ಮಗಳು, ಆರೇಳು ವರ್ಷದವಳು, ಓಡಿ ಬಂದು ಎಲೆಯ ತುದಿಗೆ ಒಂದು ಚಾಕಲೇಟು ಇಟ್ಟಳು. ‘ಮಾಮನಿಗೆ’ ಎಂದಳು. ಅವಳು ಕಾಣದ, ಅವಳಿಗಿಂತ ಚಿಕ್ಕ ಪ್ರಾಯದಲ್ಲಿ ಹೋದ ಮಾಮ. ಬಾಗಿಲು ಎಳೆದುಕೊಂಡು ಎಲ್ಲರೂ ಚಾವಡಿಯಲ್ಲಿ ಕುಳಿತರು. ಆ ಹೊತ್ತಿಗೆ ಮಾತು ಅಡಿಕೆಯ ರೇಟಿಗೆ ಹೋಯಿತು, ಯಾರದೋ ಜಾಗದ ತಕರಾರಿಗೆ ಹೋಯಿತು, ನಡುವೆ ಒಮ್ಮೆ ‘ಅವನಿಗೆ ಸುಳಿ ಎರಡಿತ್ತು’ ಎಂಬಲ್ಲಿಗೂ ಬಂದು ಹೋಯಿತು. ಬಾಗಿಲು ತೆರೆದ ಮೇಲೆ ಚಾಕಲೇಟು ಕೊಟ್ಟವಳ ಬಾಯಿಗೇ ಹೋಯಿತು. ಯಾರೂ ಅಳಲಿಲ್ಲ. ಮರೆತವರೂ ಅಲ್ಲಿ ಯಾರೂ ಇರಲಿಲ್ಲ.

ಮಡಂತ್ಯಾರು ಎಂದರೆ ಪರ್ಬ ಮಾತ್ರ ಅಲ್ಲ. ಹೆದ್ದಾರಿಯ ಪಕ್ಕದಲ್ಲೇ ಸೇಕ್ರೆಡ್ ಹಾರ್ಟ್ ಚರ್ಚ್, ಅದರ ಶಾಲೆ, ಕಾಲೇಜು. ನವೆಂಬರ್ 2ರಂದು ಕೆಥೊಲಿಕರು ಸಿಮಿತರಿಗೆ ಹೋಗಿ ತಮ್ಮವರ ಸಮಾಧಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ, ಪಾದ್ರಿಗಳು ಸಮಾಧಿಗಳನ್ನು ಆಶೀರ್ವದಿಸುತ್ತಾರೆ. ಕ್ರಿಸ್ಮಸ್ಸಿನಲ್ಲಿ ಇನ್ನೊಂದು ದಿನವಿದೆ, ಅದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಗೋದಲಿ ಇನ್ನೂ ಬಿಚ್ಚಿರುವುದಿಲ್ಲ, ಡಬ್ಬದಲ್ಲಿ ಕುಸ್ವಾರ್ ಇನ್ನೂ ಉಳಿದಿರುತ್ತದೆ, ಆಗಲೇ ಡಿಸೆಂಬರ್ 28 ಬರುತ್ತದೆ. ಹೆರೋದ ಅರಸ ಬೆತ್ಲೆಹೇಮಿನಲ್ಲಿ ಕೊಲ್ಲಿಸಿದ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಸಭೆ ನೆನೆಯುವ ದಿನ ಅದು. ಒಂದು ಮಗು ಹುಟ್ಟಿದ ಸಂಭ್ರಮದ ಎಂಟು ದಿನದೊಳಗೇ, ಹೋದ ಮಕ್ಕಳಿಗೂ ಒಂದು ದಿನವಿಟ್ಟವರು ಯಾರೋ, ಮನುಷ್ಯರ ಮನೆ ಬಲ್ಲವರೇ ಇರಬೇಕು. ಮುಸ್ಲಿಮರಲ್ಲಿಯೂ ಈದ್ ನಮಾಜು ಮುಗಿಸಿ ಹಾಗೆಯೇ ಖಬರ್‌ಸ್ಥಾನಕ್ಕೆ ಹೋಗಿ ಬರುವವರು ಬಹಳ. ಪ್ರಾಯಕ್ಕೆ ಬರುವ ಮೊದಲೇ ತೀರಿಹೋದ ಮಗು ಪರಲೋಕದಲ್ಲಿ ತಂದೆತಾಯಿಯ ಪರವಾಗಿ ನಿಲ್ಲುತ್ತದೆ ಎಂಬುದು ಅವರ ನಂಬಿಕೆ.

ಹಿಂದೆ ಮಗುವನ್ನು ಕಳೆದುಕೊಳ್ಳುವುದು ಎಲ್ಲರ ಮನೆಯ ಮಾತಾಗಿತ್ತು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ಇವರಿಗೆಲ್ಲ ಎಷ್ಟು ಕೈಮುಗಿದರೂ ಸಾಲದು. ಆದರೆ ಇದರಿಂದ ಯಾರೂ ಎಣಿಸದ ಒಂದು ಕಷ್ಟವೂ ಆಯಿತು. ಅಜ್ಜಿಯಂದಿರ ಕಾಲದಲ್ಲಿ ಮಗುವನ್ನು ಕಳೆದುಕೊಂಡವಳಿಗೆ ಬಾವಿಕಟ್ಟೆಗೆ ಹೋದರೆ ಅದೇ ನೋವಿನ ಇನ್ನಿಬ್ಬರು ಸಿಗುತ್ತಿದ್ದರು. ಇವತ್ತು ಅಂಥವಳು ಇಡೀ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: “ಮರೆತುಬಿಡು, ಇನ್ನೂ ಪ್ರಾಯ ಉಂಟು, ಇನ್ನೊಂದು ಆಗ್ತದೆ.” ತೊಟ್ಟಿಲು ಅಟ್ಟಕ್ಕೆ ಹೋಗುತ್ತದೆ, ಫೋಟೋ ಕಪಾಟಿನ ಬಟ್ಟೆಯ ಅಡಿಗೆ. ಹಬ್ಬಕ್ಕೆ ಬಂದ ನೆಂಟರು ‘ಎಷ್ಟು ಮಕ್ಕಳು?’ ಎಂದು ಕೇಳಿದಾಗ ಅವಳು ಒಂದು ಕ್ಷಣ ಗಂಡನ ಮುಖ ನೋಡುತ್ತಾಳೆ.

ಗಂಡನ ಪಾಡು ಅದಕ್ಕಿಂತ ಮೇಲೇನಲ್ಲ. ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು, ಮಗುವಿನ ಸಾವಿನ ಎದುರು ಹೆಂಡತಿಯ ನೋಟವನ್ನು ತಾಳಲಾರದ ಗಂಡಸಿನ ಸಂಕಟವನ್ನೇ ಕವಿತೆಯಾಗಿಸಿದರು. ನಮ್ಮ ಕಡೆಯ ಗಂಡಸರು ಕವಿತೆ ಬರೆಯುವುದಿಲ್ಲ, ತೋಟಕ್ಕೆ ನೀರು ಬಿಡಲು ಹೋಗುತ್ತಾರೆ.

ಸಂಪ್ರದಾಯ ಕೈಬಿಟ್ಟ ಕಡೆ ಜನ ಹೊಸದನ್ನು ಕಟ್ಟಿಕೊಳ್ಳಬೇಕಾಯಿತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಗನನ್ನು ಕಳೆದುಕೊಂಡ ಎರಡು ಕುಟುಂಬಗಳನ್ನು ಆಸ್ಪತ್ರೆಯ ಒಬ್ಬ ಪಾದ್ರಿ ಪರಸ್ಪರ ಪರಿಚಯ ಮಾಡಿಸಿದರು. ಅದರಿಂದ 1969ರಲ್ಲಿ ‘ಕಂಪ್ಯಾಷನೇಟ್ ಫ್ರೆಂಡ್ಸ್’ ಎಂಬ ತಂದೆತಾಯಂದಿರ ಬಳಗ ಹುಟ್ಟಿತು. ಅದೇ ಹೆಸರಿನ ಬಳಗ 1997ರಲ್ಲಿ ಆರಂಭಿಸಿದ ಕ್ರಮದಂತೆ, ಈಗ ಡಿಸೆಂಬರಿನ ಎರಡನೇ ಭಾನುವಾರ ಸಂಜೆ 7 ಗಂಟೆಗೆ, ಆಯಾ ದೇಶದ ಸಮಯದಲ್ಲಿ, ಹೋದ ಮಕ್ಕಳಿಗಾಗಿ ದೀಪ ಹಚ್ಚುತ್ತಾರೆ. ಬೆಂಗಳೂರಿಗೆ, ಮುಂಬಯಿಗೆ, ಗಲ್ಫಿಗೆ ಹೋದ ನಮ್ಮವರು ಬಡಿಸುವ ಕ್ರಮವನ್ನು ಮೂಢನಂಬಿಕೆ ಎಂದು ಊರಲ್ಲೇ ಬಿಟ್ಟರು. ತಪ್ಪು ಎನ್ನಲಾರೆ. ಆದರೆ ಅದರ ಜಾಗದಲ್ಲಿ ಏನನ್ನೂ ಇಡಲಿಲ್ಲ. ಭಯವನ್ನು ಬಿಡುವ ಭರದಲ್ಲಿ ಮಗುವಿನ ಹೆಸರನ್ನೂ ಬಿಟ್ಟದ್ದು ಯಾವ ವಿಚಾರವಾದವೋ ನನಗೆ ತಿಳಿಯದು.

ಹೆಚ್ಚೇನೂ ಬೇಕಿಲ್ಲ. ದೋಷ, ಕವಡೆ, ಮದುವೆ ಯಾವುದೂ ಬೇಡ. ಗೂಡುದೀಪ ಕಟ್ಟುವಾಗ, ನಕ್ಷತ್ರ ತೂಗುಹಾಕುವಾಗ, ‘ಇದನ್ನು ಅವಳು ಕಂಡಿದ್ದರೆ ಕುಣಿಯುತ್ತಿದ್ದಳು’ ಎಂದು ಮನೆಯ ಒಬ್ಬರು ಬಾಯಿಬಿಟ್ಟರೆ ಸಾಕು. ಆಮೇಲೆ ಹುಟ್ಟಿದ ಮಗುವಿಗೆ ತನಗೊಬ್ಬಳು ಅಕ್ಕ ಇದ್ದಳು ಎಂಬುದು ಕಪಾಟಿನಲ್ಲಿ ಸಿಕ್ಕಿದ ಫೋಟೋದಿಂದ ಅಲ್ಲ, ಅಮ್ಮನ ಬಾಯಿಂದಲೇ ತಿಳಿಯಲಿ. ಮೊದಲ ವರ್ಷ ಹಬ್ಬ ಮಾಡದ ಮನೆಗೆ ತಿಂಡಿಯ ಡಬ್ಬ ಹಿಡಿದು ಹೋಗುವ ನೆರೆಯವರು ಮಗುವಿನ ಹೆಸರು ಹೇಳಿಯೇ ಮಾತು ಶುರು ಮಾಡಲಿ. ಅವರು ಮರೆತಿರುತ್ತಾರೆ, ನಾವು ನೆನಪಿಸಿದಂತಾಗುತ್ತದೆ ಎಂಬ ಅಂಜಿಕೆ ಬೇಡ. ಮರೆತ ತಾಯಿಯನ್ನು ನಾನಂತೂ ಈವರೆಗೆ ಕಂಡಿಲ್ಲ. ಕೆಲವರು ಹೆಸರೆತ್ತಿದ ಕೂಡಲೇ ಎದ್ದು ಒಳಗೆ ಹೋಗುತ್ತಾರೆ. ಹೋಗಲಿ. ಚಾ ಕುಡಿದು ಬನ್ನಿ, ಮುಂದಿನ ಹಬ್ಬಕ್ಕೆ ಮತ್ತೆ ಹೋಗಿ ಕೇಳಿ.