ಮಂಡಲ: ಮನದ ಮದ್ದು ಮತ್ತು ಅದರ ಮಿತಿ



ಮನಸ್ಸು ಚಂಚಲವೆಂಬುದು ಸರ್ವರ ಅನುಭವ. ಅದನ್ನು ಒಂದೆಡೆ ನಿಲ್ಲಿಸಲು ಮನುಷ್ಯನು ಕಂಡುಕೊಂಡ ಉಪಾಯಗಳಲ್ಲಿ ಮಂಡಲರಚನೆಯೂ ಒಂದು. ಮಂಡಲವೆಂದರೆ ವರ್ತುಲ, ಸೂರ್ಯಮಂಡಲ, ಚಂದ್ರಮಂಡಲ ಎಂದು ನಾವು ಹೇಳುವುದು ಈ ಅರ್ಥದಲ್ಲಿಯೇ. ನಡುವೆ ಒಂದು ಬಿಂದು, ಅದರ ಸುತ್ತ ದಳಗಳು, ಚೌಕಗಳು, ದ್ವಾರಗಳು, ಎಲ್ಲವನ್ನೂ ಒಳಗೊಂಡ ಒಂದು ಪರಿಧಿ. ರೇಖೆಗಳು ಎಷ್ಟೇ ಇದ್ದರೂ ಅವೆಲ್ಲ ಒಂದು ಕೇಂದ್ರಕ್ಕೆ ಅಧೀನವಾಗಿರುವುದೇ ಈ ಕಲೆಯ ಹೃದಯ. ಹಲವು ಕಡೆ ಹರಿದುಹೋದ ಬಾಳು ಒಂದರ ಕಡೆಗೆ ತಿರುಗಲೆಂಬುದು ಅದರ ಇಂಗಿತ. ಇಂದು ಇದು ಮನಸ್ಸಿನ ಚಿಕಿತ್ಸೆಯಾಗಿಯೂ ಬಳಕೆಗೆ ಬಂದಿದೆ. ಅದರಿಂದ ದೊರೆಯುವ ಶಾಂತಿಯ ಬೆಲೆಯೇನು, ಮಿತಿಯೇನು ಎಂಬುದನ್ನು ತಾವು ವಿಚಾರಿಸಿ ನೋಡಬೇಕು.

ಈ ಕಲೆಯ ಪಕ್ವರೂಪವನ್ನು ಟಿಬೆಟ್ಟಿನ ಬೌದ್ಧ ಭಿಕ್ಷುಗಳಲ್ಲಿ ಕಾಣುತ್ತೇವೆ. 1959ರ ನಂತರ ನೆಲೆ ಕಳೆದುಕೊಂಡು ಬಂದ ಆ ಜನಕ್ಕೆ ನಮ್ಮ ಬೈಲಕುಪ್ಪೆ, ಮುಂಡಗೋಡಗಳು ಆಶ್ರಯವಿತ್ತಿರುವುದರಿಂದ ಅವರ ಸಂಪ್ರದಾಯ ನಮಗೆ ದೂರದ್ದಲ್ಲ. ಅವರು ಮೊದಲು ರೇಖೆಗಳನ್ನೆಳೆದು, ಕಿರಿದಾದ ಲೋಹದ ಕೊಳವೆಯನ್ನು ಮತ್ತೊಂದು ಕಡ್ಡಿಯಿಂದ ಉಜ್ಜುತ್ತ, ಬಣ್ಣದ ಮರಳನ್ನು ಸಣ್ಣ ಧಾರೆಯಾಗಿ ಇಳಿಸುತ್ತಾರೆ. ಕೆಲಸವು ನಡುವಿನಿಂದ ಹೊರಕ್ಕೆ ಸಾಗುತ್ತದೆ. ಕಾಲಚಕ್ರ ಮಂಡಲವೊಂದರಲ್ಲಿಯೇ 722 ದೇವತೆಗಳಿಗೆ ಸ್ಥಾನವುಂಟು. ಹಲವು ದಿನಗಳ ಶ್ರಮದಿಂದ ಸಿದ್ಧವಾದ ಈ ಸೌಧವನ್ನು ಪೂಜೆ ಮುಗಿದ ಮೇಲೆ ಅವರೇ ಅಳಿಸಿ, ಮರಳನ್ನು ಒಟ್ಟುಗೂಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ಮಾಡಿದ್ದು ಉಳಿಯದೆಂಬುದು ಒಂದು ಪಾಠ. ದೊರೆತ ಪುಣ್ಯವು ಮಾಡಿದವರಲ್ಲಿಯೇ ನಿಲ್ಲದೆ ಸಕಲರಿಗೂ ಸಲ್ಲಬೇಕೆಂಬುದು ಇನ್ನೊಂದು. ನಮ್ಮ ತಾಯಂದಿರು ಮುಂಜಾನೆ ಬಿಡಿಸಿದ ರಂಗವಲ್ಲಿಯೂ ಸಂಜೆಯೊಳಗೆ ಕಾಲ್ತುಳಿತಕ್ಕೆ ಅಳಿಸುತ್ತದೆ. ಅವರು ಅದಕ್ಕಾಗಿ ಮರುಗುವುದಿಲ್ಲ. ಮರುದಿನ ಅಂಗಳ ಸಾರಿಸಿ ಮತ್ತೆ ಚುಕ್ಕಿಯಿಡುತ್ತಾರೆ.

ಪಶ್ಚಿಮದಲ್ಲಿ ಈ ವಿಷಯಕ್ಕೆ ಗಮನ ಸೆಳೆದವನು ಸ್ವಿಟ್ಸರ್ಲೆಂಡಿನ ಮನೋವಿಜ್ಞಾನಿ ಯೂಂಗ್. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, 1918-19ರ ಸುಮಾರಿಗೆ, ಅವನು ಪ್ರತಿ ಬೆಳಿಗ್ಗೆ ಒಂದು ಚಿಕ್ಕ ವರ್ತುಲಚಿತ್ರವನ್ನು ಬರೆಯುತ್ತಿದ್ದನು. ಅಂದಂದಿನ ಮನಃಸ್ಥಿತಿಯಂತೆ ಚಿತ್ರವೂ ಬದಲಾಗುವುದನ್ನು ಕಂಡು, ಅದನ್ನು ತನ್ನ ಅಂತರಂಗದ ಕನ್ನಡಿಯೆಂದು ಬಗೆದನು. ಇತ್ತೀಚಿನ ಪರೀಕ್ಷೆಗಳೂ ಉಂಟು. 2005ರಲ್ಲಿ ಅಮೆರಿಕದ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 84 ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಂಡಲವನ್ನೂ, ಕೆಲವರಿಗೆ ಚೌಕಳಿ ವಿನ್ಯಾಸವನ್ನೂ, ಉಳಿದವರಿಗೆ ಬರಿಯ ಹಾಳೆಯನ್ನೂ ಕೊಟ್ಟು ಬಣ್ಣ ತುಂಬಿಸಿದರು. ಮೊದಲೆರಡು ಗುಂಪಿನವರ ಕಳವಳ ಹೆಚ್ಚುಕಡಿಮೆ ಸಮನಾಗಿ ತಗ್ಗಿತು. ಬರಿಯ ಹಾಳೆಯವರದು ತಗ್ಗಲಿಲ್ಲ. 2012ರ ಮತ್ತೊಂದು ಪರೀಕ್ಷೆಯಲ್ಲಿ ಮಂಡಲಕ್ಕೆ ಹೆಚ್ಚಿನ ಫಲ ಕಂಡಿತು. ಕ್ರಮಬದ್ಧವಾದ ಕೆಲಸದಲ್ಲಿ ಕಣ್ಣು, ಕೈ, ಮನಗಳು ಒಂದಾದಾಗ ತಳಮಳ ಇಳಿಯುತ್ತದೆಂದು ಇವುಗಳಿಂದ ತಿಳಿಯಬಹುದು. ಆದರೆ ಇದು ಆ ಹೊತ್ತಿನ ಉಪಶಮನ. ತೀವ್ರವಾದ ಮನೋವ್ಯಾಧಿಗೆ ವೈದ್ಯರ ಬಳಿಗೆ ಹೋಗಲೇಬೇಕು.

ಇಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ. ಎಲ್ಲ ಅಶಾಂತಿಯೂ ರೋಗವೇ? ಪರೀಕ್ಷೆಗೆ ಹೆದರಿದ ಬಾಲಕನಿಗೆ, ನೋವಿನಿಂದ ನಿದ್ರೆಗೆಟ್ಟವನಿಗೆ, ಮಗನನ್ನು ಕಳೆದುಕೊಂಡ ತಾಯಿಗೆ ಮಂಡಲವು ಗಳಿಗೆಯ ನೆಮ್ಮದಿಯನ್ನು ಕೊಟ್ಟರೆ ಅದು ಶಿವನ ಕರುಣೆಯೇ ಸರಿ. ಆದರೆ ತಮ್ಮನ ಪಾಲಿನ ಹೊಲವನ್ನು ನುಂಗಿದವನು, ಆಳಿನ ಕೂಲಿಯನ್ನು ಹಿಡಿದಿಟ್ಟವನು ನಡುರಾತ್ರಿಯಲ್ಲಿ ಹೊರಳಾಡಿದರೆ ಅದು ರೋಗವಲ್ಲ, ಅಂತಃಸಾಕ್ಷಿಯ ಕರೆ. ಅವನು ಬಣ್ಣ ತುಂಬಿ ಸುಖವಾಗಿ ಮಲಗಿದನೆನ್ನಿ. ತಮ್ಮನಿಗೆ ಹೊಲ ಬರಲಿಲ್ಲ, ಆಳಿಗೆ ಕೂಲಿ ಸಿಗಲಿಲ್ಲ, ಇದ್ದೊಬ್ಬ ಸಾಕ್ಷಿಯ ಬಾಯಿಯೂ ಮುಚ್ಚಿತು. ಅಂಥವನಿಗೆ ಮದ್ದೇ ವಿಷವಾಯಿತು. ಮನಸ್ಸು ತಿಳಿಯಾದರೆ ತಪ್ಪು ಇನ್ನೂ ಸ್ಪಷ್ಟವಾಗಿ ಕಾಣುವುದಿಲ್ಲವೇ ಎಂದು ತಾವು ಕೇಳಬಹುದು. ನಿಜ, ಕಾಣಬೇಕು. ಕಂಡುದನ್ನು ತಿದ್ದಲು ಎದ್ದು ಹೊರಡುವಂತೆ ಮಾಡಿದರೆ ಆ ಶಾಂತಿ ಸಾಧನೆ; ಕಾಣದಂತೆ ಮರೆಸಿದರೆ ಅದು ಮಾದಕ. ಒರೆಗಲ್ಲು ಇದೇ.

ಶರಣರ ದಾರಿಯೂ ಇದನ್ನೇ ಹೇಳುತ್ತದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ನೆಡುವಾಗ ನಮ್ಮ ಬಾಳಿನ ಕೇಂದ್ರವೇ ಕರಸ್ಥಲಕ್ಕೆ ಬರುತ್ತದೆ. ಆದರೆ ಬಸವಾದಿ ಪ್ರಮಥರು ಪೂಜೆಯ ಸುಖದಲ್ಲಿಯೇ ಕುಳಿತವರಲ್ಲ. ಕಾಯಕಕ್ಕೆ ಎದ್ದರು, ದಾಸೋಹಕ್ಕೆ ನಿಂತರು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವರ ದೃಷ್ಟಿಯನ್ನು ಒಳಕ್ಕೆ ತಿರುಗಿಸಿದ ಕಥೆಯನ್ನು ಶೂನ್ಯಸಂಪಾದನೆಯಲ್ಲಿ ಓದಿದ್ದೀರಿ. ಒಳಗನ್ನು ಮರೆತ ಕಾಯಕವೂ ಅಪೂರ್ಣ, ಹೊರಗನ್ನು ಮರೆತ ಧ್ಯಾನವೂ ಅಪೂರ್ಣ. ಭಿಕ್ಷುಗಳ ಮರಳು ನದಿಗೆ ಸೇರುವಂತೆ ನಮ್ಮ ಪೂಜೆಯ ಶಾಂತಿಯೂ ಸಮಾಜಕ್ಕೆ ಹರಿಯಬೇಕು.

ಆದುದರಿಂದ ಬಂಧುಗಳೇ, ರಂಗವಲ್ಲಿಯಿಡಿ, ಮಂಡಲವನ್ನು ಬರೆಯಿರಿ, ಮಕ್ಕಳಿಗೂ ಕಲಿಸಿರಿ. ಮನಸ್ಸು ತಿಳಿಯಾದ ಆ ಗಳಿಗೆಯಲ್ಲಿ, ಏಳುವ ಮುನ್ನ, 'ನಾನು ತೀರಿಸಬೇಕಾದ ಋಣ ಯಾರದು?' ಎಂದು ತಮ್ಮನ್ನು ತಾವೇ ಕೇಳಿಕೊಳ್ಳಿರಿ. ಒಂದು ಹೆಸರು ಹೊಳೆದರೆ, ಕುಂಚವನ್ನು ಕೆಳಗಿಟ್ಟು ಮೊದಲು ಆ ಮನೆಯ ಬಾಗಿಲಿಗೆ ಹೋಗಿರಿ.