ಗಡಿಗೆ, ಕಿರೀಟ ಮತ್ತು ಹಳೆಯ ಸೌಂಡ್ ಕಾರ್ಡ್

ಕೊಂಕಣ ರೈಲ್ವೆಯ ಪ್ರಧಾನ ಕಚೇರಿ ಇರುವ ಊರು ನವಿಮುಂಬಯಿಯ ಬೇಲಾಪುರ. ಅಲ್ಲಿನ ಕನ್ನಡಿಗರ ಮನೆಯೊಂದರಲ್ಲಿ ಹದಿಮೂರು ವರ್ಷ ಹಳೆಯ ಕಂಪ್ಯೂಟರ್ ಇದೆ ಎಂದುಕೊಳ್ಳೋಣ. ಅದಕ್ಕೆ ಫೈರ್‌ವೈರ್ ತಂತಿಯಿಂದ ಜೋಡಿಸಿದ ಸೌಂಡ್ ಕಾರ್ಡ್ ಇದೆ. ಊರಿನಿಂದ ತಂದ ಯಕ್ಷಗಾನ, ಭಜನೆಯ ಕ್ಯಾಸೆಟ್ಟುಗಳು ಅದರ ಮೂಲಕ ಒಂದೊಂದಾಗಿ ಕಂಪ್ಯೂಟರಿಗೆ ಇಳಿಯುತ್ತಿವೆ. ಆ ಕಂಪ್ಯೂಟರಿನಲ್ಲಿರುವ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು ಕೇಳುತ್ತದೆ. ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಹೊಸ ಕಂಪ್ಯೂಟರ್ ಕೊಂಡರೆ ಫೈರ್‌ವೈರ್ ಸಿಕ್ಕಿಸುವ ಜಾಗವೇ ಇರುವುದಿಲ್ಲ. ಕೊಳ್ಳದಿದ್ದರೆ ಬ್ಯಾಂಕಿನ ವ್ಯವಹಾರಕ್ಕೆ ಕಾವಲಿಲ್ಲ.

ಉಳಿಯಬೇಕಾದದ್ದು ಯಾವುದು?

ಜೈನ ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಮೂವರ ಮಾತು ಎತ್ತುತ್ತಾರೆ. ಚಿನ್ನದ ಗಡಿಗೆಯನ್ನು ಕರಗಿಸಿ ಕಿರೀಟ ಮಾಡಿದಾಗ ಗಡಿಗೆ ಬೇಕಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನು ಸಮಚಿತ್ತನಾಗಿರುತ್ತಾನೆ. ಮೂವರಲ್ಲಿ ಯಾರೂ ಭ್ರಮೆಗೆ ಬಿದ್ದವರಲ್ಲ. ಹುಟ್ಟು, ಅಳಿವು, ಸ್ಥಿರತೆ ಈ ಮೂರೂ ಒಂದೇ ವಸ್ತುವಿನಲ್ಲಿ ಒಟ್ಟೊಟ್ಟಿಗೆ ಇರುತ್ತವೆ ಎಂಬುದು ಜೈನರ ವಾದ. ಬೌದ್ಧರ ‘ಮಿಲಿಂದಪ್ರಶ್ನೆ’ಯಲ್ಲಿ ನಾಗಸೇನ ರಥವನ್ನು ಬಿಡಿಬಿಡಿಯಾಗಿ ನೋಡಿ, ರಥವೆಂಬುದು ವ್ಯವಹಾರಕ್ಕೆ ಇಟ್ಟ ಹೆಸರಷ್ಟೇ ಎನ್ನುತ್ತಾನೆ. ಅದು ಹರಿತವಾದ ಉತ್ತರ ನಿಜ. ಆದರೆ ಹಳೆಯ ಯಂತ್ರವನ್ನು ಏನು ಮಾಡಬೇಕೆಂದು ತೋಚದೆ ಕುಳಿತವನಿಗೆ ಸಮಂತಭದ್ರರೇ ಹೆಚ್ಚು ಒದಗುತ್ತಾರೆ, ಏಕೆಂದರೆ ಅವರು ಅವನ ದುಃಖವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಇಲ್ಲಿ ದನಿಯೇ ಚಿನ್ನ ಎನ್ನಬಹುದು. ಆದರೆ ಚಿನ್ನ ಕರಗಿದರೂ ಚಿನ್ನವೇ, ದನಿ ಹಾಗಲ್ಲ. ಕ್ಯಾಸೆಟ್ಟಿನ ಕಾಂತೀಯ ಗುರುತು ಸೆಕೆಂಡಿಗೆ 44,100 ಮಾದರಿಗಳಾಗಿ ಅಂಕಿಗೆ ಇಳಿಯುವಾಗ ಕಾರ್ಡಿನ ಗುಣದೋಷಗಳೂ ಅದರೊಳಗೆ ಸೇರಿಹೋಗುತ್ತವೆ. ಒಳ್ಳೆಯ ಕಾರ್ಡನ್ನು ಬಿಡಲು ಮನಸ್ಸಾಗದಿರುವುದು ಬರೀ ಮೋಹವಲ್ಲ. 2025ರ ಮ್ಯಾಕ್‌ಒಎಸ್ ಟಾಹೋದಲ್ಲಿ ಆ್ಯಪಲ್ ಫೈರ್‌ವೈರನ್ನು ಕೈಬಿಟ್ಟಾಗ, ಏನೊಂದೂ ಕೆಡದ ಎಷ್ಟೋ ಧ್ವನಿಮುದ್ರಣ ಉಪಕರಣಗಳು ಆ ವ್ಯವಸ್ಥೆಗೆ ಬೇಡವಾದವು. ಸುಸ್ಥಿತಿಯಲ್ಲಿರುವ ವಸ್ತುವನ್ನು ಹೀಗೆ ಕಸಕ್ಕೆ ತಳ್ಳುವುದು ಅನ್ಯಾಯ.

ಆದರೂ ಗಡಿಗೆಯವನ ದುಃಖವೇ ಕೊನೆಯ ಮಾತಾಗುವಂತಿಲ್ಲ. 2017ರ ಜೂನ್ 27ರಂದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ ಹೊರಟ ನಾಟ್‌ಪೆಟ್ಯಾ ದಾಳಿ, ಬೇಲಾಪುರಕ್ಕೆ ಸಮೀಪದ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಸಾಗಣೆಯ ಮೇರ್ಸ್ಕ್ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವನ್ನು ನಿಲ್ಲಿಸಿಬಿಟ್ಟಿತು. ಅದು ಬಳಸಿಕೊಂಡ ದಾರಿಗಳಲ್ಲಿ ಒಂದು ವಿಂಡೋಸಿನ ಬಿರುಕು. ಅದನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು. ಪ್ಯಾಚ್ ಹಾಕಿದ್ದ ಯಂತ್ರಗಳೂ ಪಾರಾಗಲಿಲ್ಲ: ನೆಟ್‌ವರ್ಕಿನಲ್ಲಿ ಸೋಂಕು ತಗುಲಿದ ಒಂದು ಯಂತ್ರದಿಂದ ಕದ್ದ ಪಾಸ್‌ವರ್ಡುಗಳೇ ಉಳಿದವುಗಳ ಬಾಗಿಲು ತೆರೆದವು. ನೆಟ್‌ವರ್ಕಿಗೆ ಜೋಡಿಸಿದ ಕಂಪ್ಯೂಟರ್ ಅದರ ಒಡೆಯನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಜೈನರು ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸುತ್ತಾರೆ. ಅವರ ಚಿಂತೆ ಜೀವಿಗಳದ್ದು, ನಿಜ. ಆದರೆ ತನ್ನ ಅಲಕ್ಷ್ಯದಿಂದ ಇನ್ನೊಬ್ಬರಿಗೆ ತಟ್ಟುವ ಕೇಡಿಗೆ ತಾನೇ ಹೊಣೆ ಎಂಬ ವಿವೇಚನೆ ಇಲ್ಲಿಗೂ ಸಲ್ಲುತ್ತದೆ.

ಹಾಗಾದರೆ ದಾರಿ ಎರಡು. ಒಂದು, ಹಳೆಯ ಕಂಪ್ಯೂಟರನ್ನು ಇಂಟರ್ನೆಟ್ಟಿನಿಂದ ಪೂರ್ತಿ ಬಿಡಿಸಿ ಧ್ವನಿಮುದ್ರಣಕ್ಕಷ್ಟೇ ಇಟ್ಟುಕೊಳ್ಳುವುದು. ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಬ್ಯಾಂಕಿನ ಕೆಲಸವನ್ನು ಅಪ್‌ಡೇಟ್ ಆಗುತ್ತಿರುವ ಬೇರೆ ಯಂತ್ರದಲ್ಲಿ ಮಾಡುವುದು. ಇನ್ನೊಂದು, ವಿಂಡೋಸಿನ ಬದಲು ಲಿನಕ್ಸ್ ಹಾಕುವುದು. ಅದಕ್ಕೆ ಸುರಕ್ಷತಾ ಅಪ್‌ಡೇಟುಗಳು ಬರುತ್ತಿವೆ, ಹಲವು ಫೈರ್‌ವೈರ್ ಕಾರ್ಡುಗಳು ಅದರಲ್ಲಿ ನಡೆಯುತ್ತವೆ. ತಯಾರಕರು ಮರೆತ ಸಾಧನಗಳ ಡ್ರೈವರುಗಳನ್ನು ಅಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ಕಾಯ್ದುಕೊಂಡು ಬಂದಿದ್ದಾರೆ. ಅದೂ ಒಂದು ಸೇವೆಯೇ. ಅಲ್ಲಿಯೂ ಗಡುವು ಇಲ್ಲದಿಲ್ಲ: ಫೈರ್‌ವೈರ್ ಭಾಗವನ್ನು ನೋಡಿಕೊಳ್ಳುತ್ತಿರುವವರು 2029ರವರೆಗಿನ ಯೋಜನೆಯನ್ನಷ್ಟೇ ಮುಂದಿಟ್ಟಿದ್ದಾರೆ. ಕ್ಯಾಸೆಟ್ಟುಗಳನ್ನು ಅಷ್ಟರೊಳಗೆ ಇಳಿಸಿ ಮುಗಿಸಬೇಕು.